ಮ್ಯಾಚಿನ ಹಿಂದಿನ ದಿನದ ಜೋಡು

ಎರಡು ಚೀಲ ಬಂದಾವ ಇವತ್ತು ನನ್ನ ಮುಂದ.
ಒಂದು ಇದೇ ಬೀದರಿಂದು, ಕೋಟೆ ಕಡಿ ಕಾಲೇಜಿಂದು.
ಇನ್ನೊಂದು ಕಲಬುರಗಿಂದ ಮುಂಜಾನಿ ರೈಲಿನಾಗ
ಸುರಂಗ ದಾಟಿ ಬಂದದ್ದು.
ಸಂಜಿ ಏಳಕ್ಕ ಬೇಕಂತ. ನಾಳಿ ಫೈನಲ್ಲು.

ಚೀಲ ಸುರುವಿದರ ಸಾಕು, ಹೆಸರು ಕೇಳೂದು ಬ್ಯಾಡ.
ನಮ್ಮವರ ಬೂಟಿನ ಮುಳ್ಳಿನಾಗ ಜಂಬಿಟ್ಟಿಗಿ ಪುಡಿ,
ತಟ್ಟಿದರ ಖಾರಪುಡಿಯಂಗ ಉದುರತದ.
ಅವರದು ಎರಿ ಮಣ್ಣು,
ಹೋದ ವಾರದ ಮಳಿ ಒಳಗ ಹಿಡಕೊಂಡು ಕುಂತದ,
ಉಳಿ ಹಾಕಿ ಎಬ್ಬಿಸಬೇಕು.

ಎದುರಿನ ಛಾದಂಗಡಿ ಖಲೀಲ ಕೇಳತಾನ:
"ಮಾಣಿಕಪ್ಪ, ಯಾರ ಮ್ಯಾಲ ಹಚ್ಚಲಿ ಐವತ್ತು?"
ಅವನ ಕಡಿ ಪೇಪರಿನ ಲೆಕ್ಕ ಅದ,
ಅವರು ಹೊಡದದ್ದು ಹನ್ನೆರಡು, ನಮ್ಮವರು ಏಳು;
ನಮ್ಮವರು ತಿಂದದ್ದು ಎರಡೇ, ಅವರು ಐದು.
ನನ್ನ ಕಡಿ ತಳ ಅವ.

ಇದು ನೋಡು, ಅವರ ಒಂಬತ್ತನೇ ನಂಬರಿಂದು.
ಬಲದ್ದು ಹೊಸದರಂಗ ಅದ, ಎಡದ್ದರ ಮೂಗು ಹರದದ.
ನಮ್ಮ ಗೋಲಿ ರುಕ್ನುದ್ದೀನಂದು ಬಲಗಡಿ ಅಂಚು ಸವದದ,
ಎಡಕ್ಕ ಜಿಗದ ಗುರ್ತೇ ಇಲ್ಲ.
ಇವನಿಗೆ ಅವನ ಮಾತು, ಅವನಿಗೆ ಇವನ ಮಾತು
ಒಂದು ಸೊಲ್ಲು ಹೇಳಿದರ ಅರ್ಧ ಮ್ಯಾಚು ಇಲ್ಲೇ ಮುಗದಂಗ.
ಹೇಳಂಗಿಲ್ಲ.
ಡಾಕ್ಟರು ರೋಗ ಓಣಿಗೆ ಸಾರತಾನೇನು?

ನಮ್ಮವರು ಹಿಮ್ಮಡ ಸವಸೂ ಮಂದಿ,
ಹಿಂದ ಹಿಂದ ಸರದು ಕಾಯತಾರ.
ಅವರು ತುದಿಗಾಲವರು,
ಆರು ಬೂಟಿಗೆ ಮುಂದಿನ ಮುಳ್ಳೇ ಇಲ್ಲ.
ಬೇಷ್ ಓಡತಾರ, ಖರೆ.
ಎಪ್ಪತ್ತು ನಿಮಿಷ ಆದ ಮ್ಯಾಲ ನೋಡಬೇಕು,
ಈ ಕೆಂಪು ನೆಲ ಮೊಣಕಾಲು ಕೇಳತದ.

ನಮ್ಮ ಕ್ಯಾಪ್ಟನ್ ವೈಜನಾಥನ ಜೋಡು ಇದು ನಾಲ್ಕನೇ ಸಲ,
ಹೊಲಿಗಿ ಮ್ಯಾಲ ಹೊಲಿಗಿ,
ಈಗ ಚರ್ಮ ಕಮ್ಮಿ, ದಾರ ಹೆಚ್ಚು.
ಅವರ ಕ್ಯಾಪ್ಟನಂದು ದೊಡ್ಡ ಕಂಪನಿದು, ಹೊಳಿತದ.
ಒಳಗ ಕೈ ಹಾಕಿದರ
ಬೆರಳಿನ ಜಾಗಾದಾಗ ಮಡಚಿಟ್ಟ ರಟ್ಟು.
ಎರಡು ನಂಬರು ದೊಡ್ಡದು. ಯಾರೋ ಅಣ್ಣನ ಕಾಲಿಂದು.

ನಾ ಚಂಡು ಒದ್ದದ್ದು ಜನ್ಮಕ್ಕ ಒಂದೇ ಸಲ,
ಯಾವುದೋ ಪೋರಗೋಳದು ಉರುಳಿ ಅಂಗಡಿಗೆ ಬಂದಿತ್ತು.
ಚೌಬಾರಾ ಕಡಿ ಒದ್ದೆ,
ಖಲೀಲನ ಬಿಸ್ಕೀಟಿನ ಬರಣಿ ಹೋತು.
ಇಪ್ಪತ್ತು ವರ್ಷ ಆತು, ಇನ್ನಾ ಅದರದೇ ಮಾತು ಅವಂದು.

ಆರೂವರಿ. ಕಡೀಕ ಒಂದು ಜೋಡು ಉಳದದ,
ಕಲಬುರಗಿ ಚೀಲದ್ದು, ಹದಿನಾರನೇ ನಂಬರು.
ಎಲ್ಲಿ ಹರದದ ಅಂತ ತಿರುವಿ ತಿರುವಿ ನೋಡಿದೆ,
ಎಲ್ಲೂ ಇಲ್ಲ.
ಮುಳ್ಳಿನ ಮ್ಯಾಲ ಅಚ್ಚಿನ ಗೆರಿ ಇನ್ನಾ ಹಂಗೇ ಅದ.
ಮಣ್ಣು ಮಾತ್ರ ಮೆತ್ತ್ಯದ, ಬಾಜೂಕ,
ಕೈಲೆ ಹಚ್ಚಿದ್ದು, ಬೆರಳಿನ ಗುರ್ತು ಸೈತ.
ಮತ್ತ ಆ ಮಣ್ಣು ಕೆಂಪು.

ಎರಿ ಮಣ್ಣಿನ ಚೀಲದಾಗ ಕೆಂಪು ಬೂಟು.
ಅಂದ್ರ ಇಲ್ಲೇ. ರೈಲು ಇಳದ ಮ್ಯಾಲ,
ಉಳಿದವರು ಛಾ ಕುಡಿಯೂ ಹೊತ್ತಿನಾಗ,
ಸ್ಟೇಷನ್ನಿನ ಹೊರಗ ಒಬ್ಬನೇ ಕುಂತು.

ಒರಸಬೇಕಂತ ಅರಿವಿ ತಗೊಂಡೆ. ಒರಸಲಿಲ್ಲ.
ಹರಿಯದ ಕಡಿ ಎರಡು ಹೊಲಿಗಿ ಹಾಕಿದೆ,
ಹನ್ನೊಂದು ಮಂದಿಗೆ ಹಾಕಿದ ಮೇಣದ ದಾರಲೇ,
ಜರಾ ಎದ್ದು ಕಾಣೂವಂಗ.

ಖಲೀಲ ಛಾ ತಂದಿಟ್ಟ.
"ಹೇಳಲೇ ಇಲ್ಲ ನೀ, ಯಾರು?"
ಐವತ್ತು ಜೇಬಿನಾಗೇ ಇರಲಿ ಅಂದೆ.
ನಾಳಿ ಬೆಂಚಿನ ಕಡಿ ಕುಂಡ್ರೂನು.